ಸಂತೆಕಲ್ಲೂರಿಗೆ ಹೋದ ಕಸದ ಎಣ್ಣಿ

2022ರಲ್ಲಿ ಸಿಂಧನೂರಿನಲ್ಲಿ ನನ್ನ ಬೀಜ, ಗೊಬ್ಬರ ಮತ್ತು ಕೀಟನಾಶಕದ ಅಂಗಡಿಗೆ ಹತ್ತು ವರ್ಷ ತುಂಬಿತ್ತು. ಅದಕ್ಕೂ ಮೊದಲು ಹದಿನೆಂಟು ವರ್ಷ ಒಂದು ಬೀಜದ ಕಂಪನಿಯಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ಹುಟ್ಟಿದ್ದು ಮಸ್ಕಿಯಲ್ಲಿ, ಮಳೆ ನಂಬಿದ ಎರೆ ನೆಲದಲ್ಲಿ. ಹೊಟ್ಟೆ ಹೊರೆದುಕೊಂಡದ್ದು ಸಿಂಧನೂರಿನಲ್ಲಿ, ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವೆ. ಹೀಗಾಗಿ ಎರಡೂ ಕಡೆಯ ಬೇಸಾಯ ನನ್ನಷ್ಟು ತಿಳಿದವರು ಈ ಭಾಗದಲ್ಲಿ ಕಡಿಮೆ ಎಂಬ ಜಂಬ ನನಗಿತ್ತು. ಆ ಜಂಬ ಒಂದೇ ಮುಂಜಾನೆಯಲ್ಲಿ ಹೇಗೆ ಇಳಿಯಿತು ಎಂಬುದನ್ನು ಇಲ್ಲಿ ಹೇಳಬೇಕಾಗಿದೆ.

ಆ ವರ್ಷ ಜುಲೈ ಕೊನೆಯಲ್ಲಿ ನನ್ನ ಹಳೆಯ ಸಹಾಯಕ ಕೆಲಸ ಬಿಟ್ಟು ತನ್ನದೇ ಅಂಗಡಿ ಹಾಕಿಕೊಂಡ. ಅವನ ಜಾಗಕ್ಕೆ ಸುನಂದಾಳನ್ನು ತೆಗೆದುಕೊಂಡೆ. ಇಪ್ಪತ್ತಾರು ವರ್ಷದವಳು, ವಳಕಮದಿನ್ನಿಯವಳು, ಕೃಷಿ ಡಿಪ್ಲೊಮಾ ಮುಗಿಸಿದ್ದಳು. ದಿನಾ ಬಸ್ಸಿಗೆ ಬಂದು ಬಸ್ಸಿಗೆ ಹೋಗುತ್ತಿದ್ದಳು. ಮೂರು ತಿಂಗಳು ನೋಡುತ್ತೇನೆ, ಕೆಲಸ ಹೊಂದಿದರೆ ಖಾಯಂ ಎಂದು ಹೇಳಿದ್ದೆ. ಅವಳ ತಂದೆಗೆ ಸೊಂಟ ಬಿದ್ದು ಗದ್ದೆಗೆ ಇಳಿಯಲು ಆಗುತ್ತಿರಲಿಲ್ಲ. ತಮ್ಮನ ಓದು ಇವಳ ಮೇಲೆಯೇ ನಿಂತಿತ್ತು. ಈ ಸಂಗತಿಗಳನ್ನು ಅವಳು ಹೇಳಿರಲಿಲ್ಲ, ನಾನೇ ಬೇರೆಯವರಿಂದ ಕೇಳಿ ತಿಳಿದಿದ್ದೆ.

ಮೊದಲ ತಿಂಗಳಲ್ಲೇ ನನ್ನ ತಲೆ ಕಾದುಹೋಯಿತು. ಡಬ್ಬಿಯ ಬಣ್ಣ ನೋಡಿ ಔಷಧ ಗುರುತಿಸುವುದು ಈ ವ್ಯಾಪಾರದಲ್ಲಿ ಅ ಆ ಇ ಈ ಕಲಿತಂತೆ. ಅವಳಿಗೆ ಅದೂ ಬರುತ್ತಿರಲಿಲ್ಲ. ಗಿರಾಕಿ ಹೆಸರು ಹೇಳಿದರೆ ಒಂದೊಂದೇ ಡಬ್ಬಿ ಕೈಗೆತ್ತಿಕೊಂಡು ಸಣ್ಣಕ್ಷರ ಓದುತ್ತ ನಿಲ್ಲುವಳು. ಬೆನ್ನಿನ ಪಂಪಿಗೆ ಎಷ್ಟು ಹಾಕಬೇಕು ಎಂದು ರೈತ ಕೇಳಿದರೆ ನಾನು ಇಲ್ಲಿಂದಲೇ ಕೂಗಿ ಹೇಳುತ್ತಿದ್ದೆ, ಅವಳು ಕಾಗದದ ಮೇಲೆ ಗುಣಾಕಾರ ಮಾಡುತ್ತಿದ್ದಳು. ಬೆಳಗಿನ ಹೊತ್ತು ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ, ಸುತ್ತಲ ಹಳ್ಳಿಗಳಿಂದ ಬಂದವರು ಕಟ್ಟೆಯ ಮೇಲೆ ಸಾಲಾಗಿ ಕಾಯುತ್ತಿದ್ದರು, ಆಮೇಲೆ ಎದುರಿನ ಅಂಗಡಿಯತ್ತ ನೋಡಲು ಶುರು ಮಾಡುತ್ತಿದ್ದರು.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕೆರಳಿಸಿದ್ದು ಅವಳ ಪ್ರಶ್ನೆಗಳು. ಯಾವ ಬೆಳೆ, ಬಿತ್ತಿ ಎಷ್ಟು ದಿನ, ಜೊತೆಗೆ ಇನ್ನೇನು ಹಾಕಿದ್ದೀರಿ, ಪಕ್ಕದ ಹೊಲದಲ್ಲಿ ಏನಿದೆ ಎಂದು ಬಂದವರನ್ನೆಲ್ಲ ಕೇಳುವಳು. ಗಂಡಸರಿಗೆ ಇದು ಹಿಡಿಸುತ್ತಿರಲಿಲ್ಲ. ‘ನಿನಗ್ಯಾಕವ್ವ ಅದೆಲ್ಲ, ಕೇಳಿದ್ದು ಕೊಡು’ ಎಂದು ನನ್ನ ಮುಖ ನೋಡುತ್ತಿದ್ದರು. ಆಗಸ್ಟ್ ಕೊನೆಯಲ್ಲಿ ಒಂದು ದಿನ ಅಂಗಡಿ ತುಂಬ ಜನರಿದ್ದಾಗ ನನ್ನ ತಾಳ್ಮೆ ಮುಗಿಯಿತು.

"ನೀ ಏನ್ ಇಂಟರ್‌ವ್ಯೂ ಮಾಡಾಕ ಕುಂತೀಯೇನು? ಕೇಳಿದ್ದು ಕೊಡು, ಬಿಲ್ ಹರಿ, ಮುಂದಿನವ್ರನ್ನ ನೋಡು" ಎಂದು ಎಲ್ಲರೆದುರಿಗೆ ಜೋರಾಗಿ ಹೇಳಿದೆ.

ಜನ ನಕ್ಕರು. ಅವಳು ತಲೆ ತಗ್ಗಿಸಿ ಬಿಲ್ ಹರಿದಳು. ಮರುದಿನದಿಂದ ಪ್ರಶ್ನೆ ನಿಂತವು, ಸಾಲು ಬೇಗ ಕರಗತೊಡಗಿತು. ಹುಡುಗಿ ಹಾದಿಗೆ ಬಂದಳು ಎಂದು ನಾನು ಸಮಾಧಾನ ಪಟ್ಟುಕೊಂಡೆ.

ಸೆಪ್ಟೆಂಬರ್ ಮೊದಲ ವಾರ. ಕಾಲುವೆ ಭಾಗದಲ್ಲಿ ನಾಟಿ ಮುಗಿದು ಭತ್ತದಲ್ಲಿ ಕಳೆ ಎದ್ದಿತ್ತು. ನಮ್ಮ ಕಡೆ ಸಿಂಪಡಿಸುವ ಔಷಧ ಯಾವುದೇ ಇರಲಿ, ಅದಕ್ಕೆ ಎಣ್ಣಿ ಎನ್ನುತ್ತಾರೆ. ಕಳೆ ಕೊಲ್ಲುವುದು ಕಸದ ಎಣ್ಣಿ. ಆ ವಾರ ಅಂಗಡಿಯಲ್ಲಿ ಕಸದ ಎಣ್ಣಿಯದೇ ಗದ್ದಲ. ಒಂದು ಕಂಪನಿಯವರು ಲಿಂಗಸುಗೂರಿನಲ್ಲಿ ಡೀಲರ್‌ಗಳ ಸಭೆ ಕರೆದಿದ್ದರು. ಅಂಗಡಿಯನ್ನು ಸುನಂದಾಳಿಗೆ ಒಪ್ಪಿಸಿ ನಾನು ಹೋದೆ. ಬರುವಷ್ಟರಲ್ಲಿ ಅಂಗಡಿ ಮುಚ್ಚಿ ಅವಳು ಊರಿಗೆ ಹೋಗಿದ್ದಳು.

ಮರುದಿನ ಮುಂಜಾನೆ ಎಂಟು ಗಂಟೆಗೆ ಅಂಗಡಿಗೆ ಬಂದು ಹಿಂದಿನ ದಿನದ ಬಿಲ್ ಪುಸ್ತಕ ತಿರುವಿದೆ. ನಮ್ಮ ಬಿಲ್ಲಿನಲ್ಲಿ ರೈತನ ಹೆಸರು, ಊರು, ಔಷಧದ ಜೊತೆಗೆ ಬೆಳೆ ಎಂದೂ ಒಂದು ಕಾಲಂ ಇದೆ. ಸುನಂದಾ ಯಾವ ಕಾಲಂ ಅನ್ನೂ ಖಾಲಿ ಬಿಡುತ್ತಿರಲಿಲ್ಲ. ಕೊನೆಯ ಬಿಲ್ಲಿನಲ್ಲಿ ಅವಳ ದುಂಡು ಅಕ್ಷರದಲ್ಲಿ ಹೀಗಿತ್ತು: ಅಮರಪ್ಪ, ಸಂತೆಕಲ್ಲೂರು, 2,4-ಡಿ, ಒಂಬತ್ತು ಎಕರೆ, ಭತ್ತ.

ಅದನ್ನೇ ಎರಡು ಸಲ ಓದಿದೆ. ಸಂತೆಕಲ್ಲೂರು ಮಸ್ಕಿಯ ಆಚೆಗಿನ ಒಣ ಬೇಸಾಯದ ಊರು. ಅಲ್ಲಿ ಜೋಳ, ತೊಗರಿ, ಕಡಲೆ. ಅಮರಪ್ಪ ನನ್ನ ಹಳೆಯ ಗಿರಾಕಿ, ತೊಗರಿ ಬೆಳೆಯುವವನು; ಅವನ ಹೊಲಕ್ಕೆ ಕಾಲುವೆ ನೀರು ಬರುವ ಮಾತೇ ಇಲ್ಲ.

"ಸುನಂದಾ, ಸಂತೆಕಲ್ಲೂರಿನ ಅಮರಪ್ಪ ಭತ್ತ ಅಂತ ಹೇಳಿದ್ನೇನು?"

"ಇಲ್ರಿ ಸರ್. ಫೋನ್ ಮಾಡಿದ್ರು. ಒಂಬತ್ತ ಎಕ್ರೆಕ್ಕ ಕಸದ ಎಣ್ಣಿ ಕಳಸು ಅಂದ್ರು. ನಾ ಭತ್ತ ಅಂತ ಬರ್ಕೊಂಡೆ."

"ಅಲ್ಲಾ ತಂಗಿ, ಅಲ್ಲಿ ಕಾಲುವಿ ಎಲ್ಲೈತಿ? ಭತ್ತ ಎಲ್ಲಿಂದ ಬರಬೇಕು?"

ಅವಳ ಮುಖದ ಬಣ್ಣವೇ ಇಳಿದುಹೋಯಿತು. ತಪ್ಪು ಏನೆಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಓದುಗರಿಗೆ ಮಾತ್ರ ಹೇಳಬೇಕು. 2,4-ಡಿ ಎಂಬ ಕಳೆನಾಶಕ ಅಗಲ ಎಲೆಯ ಗಿಡಗಳನ್ನು ಸಾಯಿಸುತ್ತದೆ. ಭತ್ತ, ಜೋಳದಂಥ ಹುಲ್ಲಿನ ಜಾತಿಯ ಬೆಳೆಯನ್ನು ಸರಿಯಾದ ಹೊತ್ತಿನಲ್ಲಿ, ಸರಿಯಾದ ಪ್ರಮಾಣದಲ್ಲಿ ಹೊಡೆದರೆ ಏನೂ ಮಾಡದೆ ಬಿಡುತ್ತದೆ. ತೊಗರಿ ಅಗಲ ಎಲೆಯದು. ಅದರ ಮೇಲೆ ಬಿದ್ದರೆ ಕಳೆಗೂ ಬೆಳೆಗೂ ಭೇದ ಮಾಡುವುದಿಲ್ಲ, ಎರಡನ್ನೂ ತಿರುಚಿ ಮಲಗಿಸುತ್ತದೆ. ಬಿದ್ದ ಮೇಲೆ ಅದಕ್ಕೆ ಮದ್ದಿಲ್ಲ.

ವಳಕಮದಿನ್ನಿಯಲ್ಲಿ ಹುಟ್ಟಿದವಳಿಗೆ ಸೆಪ್ಟೆಂಬರಿನಲ್ಲಿ ಕಸದ ಎಣ್ಣಿ ಎಂದರೆ ಭತ್ತದ್ದೇ. ಕಣ್ಣು ಹಾಯಿಸಿದಷ್ಟು ದೂರ ಅಲ್ಲಿ ಬೇರೆ ಬೆಳೆ ಇಲ್ಲ. ಸಂತೆಕಲ್ಲೂರಿನ ಅಮರಪ್ಪನಿಗೆ ಭತ್ತದ ಯೋಚನೆ ಕನಸಿನಲ್ಲೂ ಬಾರದು. ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಫೋನಿನಲ್ಲಿ ಹೇಳುವುದು, ಆ ಊರಿನಿಂದ ಸಿಂಧನೂರಿಗೆ ಬಂದುಹೋಗುವ ಖಾಜಾನ ಟಂಟಂ ಆಟೋದಲ್ಲಿ ಡಬ್ಬಿ ಕಳಿಸುವುದು ನಮ್ಮಲ್ಲಿ ಎಷ್ಟೋ ವರ್ಷಗಳ ರೂಢಿ. ರೂಢಿಯ ಮೇಲೆ ಭರವಸೆ ಇಟ್ಟು ಎಲ್ಲರೂ ನಿಶ್ಚಿಂತರಾಗಿದ್ದೆವು.

ಅಮರಪ್ಪನಿಗೆ ಫೋನ್ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಖಾಜಾ ಒಂದೇ ಸಲಕ್ಕೆ ಸಿಕ್ಕ.

"ನಿನ್ನಿ ಸಂಜಿಕೇ ಮುಟ್ಟಿಸೀನ್ರಿ ಸಾವ್ಕಾರ್ರ. ಗಾಳಿ ಏಳೋದ್ರಾಗ ಹೊಡಿಬೇಕಂತ ಇಬ್ರು ಆಳಿಗೆ ಹೇಳ್ಯಾರ. ನಾ ಈಗ ಲಿಂಗಸುಗೂರಾಗ ಅದೀನಿ, ಪ್ಯಾಸೆಂಜರ್ ಇಳಸಾಕತ್ತೀನಿ."

ಅಂದರೆ ಅವನನ್ನು ಹಿಂದಕ್ಕೆ ಕಳಿಸಿಯೂ ಪ್ರಯೋಜನವಿಲ್ಲ. ಗಾಳಿ ಏಳುವುದರೊಳಗೆ ಎಂದರೆ ಆಗಲೇ ಶುರುವಾಗಿರಬೇಕು. ಹೊಲದಲ್ಲಿ ಪಂಪು ಬೆನ್ನಿಗೇರಿದ ಮೇಲೆ ಫೋನು ಬದುವಿನ ಮೇಲೆ ಕಳಚಿಟ್ಟ ಅಂಗಿಯ ಜೇಬಿನಲ್ಲಿ ಬಡಿದುಕೊಳ್ಳುತ್ತಿರುತ್ತದೆ. ನಾನು ಕಪಾಟಿನಿಂದ ತೊಗರಿಗೆ ಹೊಡೆಯುವ ಇಮಾಜೆಥಾಪಿರ್ ಡಬ್ಬಿಗಳನ್ನು ಚೀಲಕ್ಕೆ ತುಂಬಿ ಕಾರಿನತ್ತ ಓಡಿದೆ. ತಪ್ಪನ್ನು ಅಲ್ಲಿಯೇ ತಿದ್ದಿ ಬರುವುದು ನನ್ನ ಲೆಕ್ಕ. ಸುನಂದಾ ಅಂಗಡಿಯ ಷಟರ್ ಎಳೆದು ಬೀಗ ಹಾಕಿ ನನಗಿಂತ ಮೊದಲೇ ಕಾರಿನ ಬಾಗಿಲ ಹತ್ತಿರ ನಿಂತಿದ್ದಳು.

"ನಾನೂ ಬರ್ತೀನ್ರಿ ಸರ್. ನನ್ನ ಕೈಲಿ ಹೋದ ಡಬ್ಬಿ ಅದು."

ಬೇಡ ಎನ್ನಲು ಪುರುಸೊತ್ತಿರಲಿಲ್ಲ.

ಮಸ್ಕಿಯ ರಸ್ತೆ ಹಿಡಿದೆವು. ಐದೈದು ನಿಮಿಷಕ್ಕೊಮ್ಮೆ ಅವಳು ಅಮರಪ್ಪನ ನಂಬರ್ ಒತ್ತುತ್ತಿದ್ದಳು. ಬಾಯಿಗೆ ಬಂದದ್ದೆಲ್ಲ ಬೈದೆ. ಡಿಪ್ಲೊಮಾ ಯಾಕೆ ಮಾಡಿದ್ದು ಎಂದೆ, ಇನ್ನೊಬ್ಬರ ಹೊಲದ ಮೇಲೆ ಕಲಿಯುವುದೇ ಎಂದೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಕೇಳಬೇಕಂತ ಬಾಯಿತನಕ ಬಂದಿತ್ತು ಸರ್. ಕೇಳಿದ್ದು ಕೊಡು ಅಂದಿದ್ರಿ. ಅದಕ್ಕ ಸುಮ್ಮನಾದೆ."

ಅವಳು ಹೇಳಿದ್ದು ಖರೆ, ಆದರೆ ಆ ಹೊತ್ತಿಗೆ ಅದನ್ನು ಒಪ್ಪಿಕೊಳ್ಳುವ ಮನಸ್ಸು ನನಗಿರಲಿಲ್ಲ. ಎದುರಿಗೆ ಭತ್ತದ ಹಸಿರು ಮುಗಿದು ಕರಿ ಎರೆ ಹೊಲಗಳು ಶುರುವಾದವು. ಮಸ್ಕಿ ಬಸ್ ನಿಲ್ದಾಣದ ಹತ್ತಿರ ಟ್ರ್ಯಾಕ್ಟರುಗಳು ಅಡ್ಡ ನಿಂತು ಹತ್ತು ನಿಮಿಷ ತಿಂದವು. ಆಗ ಅವಳು ಕಾಲ ಬಳಿಯ ಚೀಲದೊಳಗೆ ನೋಡಿ ಕೇಳಿದಳು.

"ಇದು ತೊಗರೀದಲ್ರಿ? ಅವ್ರು ತೊಗರೀನೇ ಹಾಕ್ಯಾರಂತ ಖಾತ್ರಿ ಐತೇನ್ರಿ ಸರ್?"

"ಅಮರಪ್ಪನ ಹೊಲ ನನಗ ನೀ ಹೇಳಿಕೊಡ್ತೀಯೇನು? ಹತ್ತು ವರ್ಷದಿಂದ ತೊಗರಿ ಬಿಟ್ಟು ಬ್ಯಾರೆ ಹಾಕಿಲ್ಲ ಅವ್ನು."

ಅವಳು ಚೀಲದ ಬಾಯಿ ಮುಚ್ಚಿದಳು.

ಹೊಲ ಮುಟ್ಟಿದಾಗ ಒಂಬತ್ತೂವರೆ ಆಗಿತ್ತು. ಇಬ್ಬರು ಆಳುಗಳು ಪಂಪು ಹೊತ್ತು ಸಾಲು ಹಿಡಿದು ನಡೆದಿದ್ದರು. ಗಾಳಿ ಇರಲಿಲ್ಲ, ಮಂಜಿನಂಥ ಹನಿ ನೇರವಾಗಿ ಎಲೆಗಳ ಮೇಲೆ ಇಳಿಯುತ್ತಿತ್ತು. ನಾನು ಕಾರು ನಿಲ್ಲಿಸುವ ಮೊದಲೇ ಸುನಂದಾ ಇಳಿದು, ಚಪ್ಪಲಿ ಎಲ್ಲಿ ಬಿತ್ತೋ ನೋಡದೆ, ‘ನಿಲ್ಲಸ್ರಿ, ಹೊಡಿಯೋದು ನಿಲ್ಲಸ್ರಿ’ ಎಂದು ಕೂಗುತ್ತ ಹೊಲದೊಳಗೆ ಓಡಿದಳು. ಆಳುಗಳು ಗಾಬರಿಯಾಗಿ ನಿಂತರು. ನಾನು ಅವಳ ಹಿಂದೆ ಬದು ಹತ್ತಿದವನು ಅಲ್ಲೇ ನಿಂತೆ.

ಅದು ತೊಗರಿಯಲ್ಲ. ಒಂಬತ್ತು ಎಕರೆಯೂ ಹತ್ತಿ, ತಿಂಗಳ ಗಿಡ, ಮೊಳಕಾಲಿಗಿಂತ ಕೆಳಗೆ. ಈ ಔಷಧಕ್ಕೆ ಹತ್ತಿಯಷ್ಟು ಹೆದರುವ ಬೆಳೆ ಇನ್ನೊಂದಿಲ್ಲ.

ಔಷಧ ಕಲಸುತ್ತಿದ್ದ ಅಮರಪ್ಪ ಬೇವಿನ ಗಿಡದ ಕೆಳಗಿನಿಂದ ಎದ್ದು ಬಂದ; ಅವನ ಫೋನು ಆಚೆಯ ಬದುವಿನ ಮೇಲಿನ ಅಂಗಿಯಲ್ಲಿತ್ತು. ಅರವತ್ತು ದಾಟಿದವನು, ನನ್ನನ್ನು ಕಂಪನಿಯ ದಿನಗಳಿಂದಲೂ ಬಲ್ಲವನು. ಅಗದಿ ಸಂತೋಷದಿಂದಲೇ ಮಾತಾಡಿಸಿದ. ನಾನು ವಿಷಯ ಹೇಳಿದೆ. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಹೊಡೆದು ಮುಗಿಸಿದ ಸಾಲುಗಳ ಕಡೆ ತಿರುಗಿ ನೋಡಿದ. ಎಲೆಗಳ ಮೇಲೆ ಹನಿ ಇನ್ನೂ ಹೊಳೆಯುತ್ತಿತ್ತು, ಗಿಡಗಳು ಆರೋಗ್ಯವಾಗಿಯೇ ಕಾಣುತ್ತಿದ್ದವು.

"ಎರಡೂವರಿ ಎಕ್ರೆ ಆಗೈತಲ್ರಿ ಸಾವ್ಕಾರ್ರ" ಎಂದ. "ಇಷ್ಟೂ ಹೋತೇನು?"

ನಾನು ಹೌದೆಂದು ತಲೆಯಾಡಿಸಿದೆ. ಅಲ್ಲಿಂದ ಅವನ ದನಿ ಏರಿತು.

"ನಿಮ್ಮ ಮ್ಯಾಲ ಭರೋಸಾ ಇಟ್ಟು ಫೋನಿನ್ಯಾಗ ಹೇಳಿದ್ನಿ. ಯಾರ ಕೈಯಾಗ ಕೊಡಿಸಿದ್ರಿ? ಈ ಹುಡುಗಿ ಕೈಯಾಗೇನು? ಈಕಿನ್ನ ಬಿಡಸ್ರಿ. ಇವತ್ತ, ಇಲ್ಲೇ, ನನ್ನ ಮುಂದ ಹೇಳ್ರಿ. ಇಲ್ಲಂದ್ರ ನಾಳೆ ಇಲಾಖೆಗೆ ಹೋಗಿ ಕಾಗದ ಕೊಡ್ತೀನಿ, ನಿಮ್ಮ ಲೈಸೆನ್ಸ್ ಏನಾಕ್ಕೈತಿ ನೋಡ್ಕೋರ್ರಿ."

ಸುನಂದಾ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಅವಳಿಗೆ ಎಲ್ಲ ಕೇಳುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣದಲ್ಲಿ ‘ಆಯ್ತು, ಬಿಡಿಸಿದೆ’ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟು ಹೇಳಿದ್ದರೆ ಅಮರಪ್ಪ ತಣ್ಣಗಾಗುತ್ತಿದ್ದ, ನನ್ನ ಲೈಸೆನ್ಸ್ ಉಳಿಯುತ್ತಿತ್ತು, ಹುಡುಗಿಯೂ ಎದುರು ಮಾತಾಡುತ್ತಿರಲಿಲ್ಲ. ಅಷ್ಟರಲ್ಲಿ ಅಮರಪ್ಪ ನನ್ನ ಕೈಯೊಳಗಿನ ಚೀಲ ನೋಡಿದ.

"ಅದ್ರಾಗೇನು? ಖರೇ ಎಣ್ಣಿ ತಂದೀರೇನು?"

"ತೊಗರೀದು ತಂದೀನಿ, ಅಮರಪ್ಪಣ್ಣ."

"ಇದು ಹತ್ತಿ ಐತಲ್ರಿ."

"ಹೌದು. ನಾನೂ ಕೇಳಲಿಲ್ಲ."

ಅವನು ನನ್ನನ್ನು, ಚೀಲವನ್ನು, ಮತ್ತೆ ನನ್ನನ್ನು ನೋಡಿದ. ಆ ಚೀಲದಲ್ಲಿದ್ದದ್ದನ್ನು ಹೊಡೆದಿದ್ದರೆ ಉಳಿದ ಆರೂವರೆ ಎಕರೆಗೂ ಅದೇ ಗತಿಯಾಗುತ್ತಿತ್ತು. ಆರು ವಾರದ ಅನುಭವದ ಹುಡುಗಿ ಮಾಡಿದ ತಪ್ಪನ್ನು ಇಪ್ಪತ್ತೆಂಟು ವರ್ಷದ ಅನುಭವದವನು ಒಂದೂವರೆ ತಾಸಿನೊಳಗೆ ಮತ್ತೆ ಮಾಡಿದ್ದೆ. ಅದೂ ಅವಳು ದಾರಿಯಲ್ಲಿ ಕೇಳಿದ ಮೇಲೂ.

"ಕೇಳಬ್ಯಾಡ ಅಂತ ಈಕಿಗೆ ಹೇಳಿದಾವ ನಾನು. ಕಾಗದ ಕೊಡೋದಿದ್ರ ನನ್ನ ಹೆಸರಿನ ಮ್ಯಾಲ ಕೊಡ್ರಿ. ಈಕಿನ್ನ ಬಿಡಸಂಗಿಲ್ಲ" ಎಂದೆ.

ಅಮರಪ್ಪ ಏನು ಹೇಳುತ್ತಿದ್ದನೋ, ಅದಕ್ಕೆ ಮೊದಲೇ ಸುನಂದಾ ಹತ್ತಿರ ಬಂದಳು. ಅಳುತ್ತಿದ್ದಳು, ಆದರೆ ಅಳುತ್ತಲೇ ಪ್ರಶ್ನೆ ಶುರು ಮಾಡಿದಳು.

"ಕಾಕಾರ, ಕಡೀಗೆ ಹೊಡದ ಸಾಲು ಯಾವು? ಅವಕ್ಕ ಎಷ್ಟೊತ್ತಾತು? ಆ ಹೊಂಡದಾಗ ನೀರು ಐತೇನ್ರಿ? ಎಂಜಿನ್ ಚಾಲೂ ಐತೇನು?"

ಹೊಡೆದು ತಾಸು ಆಗದ ಎಲೆಗಳನ್ನು ನೀರಿನಿಂದ ಚೆನ್ನಾಗಿ ತೊಳೆದರೆ ಔಷಧ ಗಿಡದೊಳಗೆ ಇಳಿಯುವುದು ಸ್ವಲ್ಪ ತಪ್ಪಬಹುದು ಎಂಬುದು ಅವಳ ಯೋಚನೆ. ಅದು ಎಷ್ಟು ಫಲ ಕೊಡುತ್ತದೆಂದು ನನಗೂ ಖಚಿತವಿರಲಿಲ್ಲ. ಬೇರೆ ದಾರಿ ಮಾತ್ರ ಇರಲಿಲ್ಲ. ಅಮರಪ್ಪ ಒಂದು ಗಳಿಗೆ ಅವಳ ಮುಖ ನೋಡಿ, ಕೃಷಿ ಹೊಂಡದ ಕಡೆ ನಡೆದ. ಎಂಜಿನ್‌ಗೆ ಪೈಪು ಹಚ್ಚಿ ಮೂರು ತಾಸು ನೀರು ಹೊಡೆದೆವು. ಪೈಪು ಮುಟ್ಟದ ಕಡೆ ಕೊಡ ಹೊತ್ತೆವು. ಎರೆ ಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಿಡಲು ಆಗುತ್ತಿರಲಿಲ್ಲ. ಹೊರಡುವಾಗ ಅವಳು ಆಳುಗಳನ್ನು ನಿಲ್ಲಿಸಿಕೊಂಡು, ಈ ಎರಡು ಪಂಪುಗಳನ್ನು ತೊಳೆದರೂ ಈ ವರ್ಷ ಹತ್ತಿಗೆ ಮುಟ್ಟಿಸಬಾರದು ಎಂದು ಎರಡೆರಡು ಸಲ ಹೇಳಿದಳು. ಅದು ನನಗೆ ಹೊಳೆದಿರಲೇ ಇಲ್ಲ.

ನಾಲ್ಕು ದಿನಕ್ಕೆ ಫಲ ಕಂಡಿತು. ಮೊದಲು ಹೊಡೆದ ಒಂದೂವರೆ ಎಕರೆಯಲ್ಲಿ ಹತ್ತಿಯ ಎಲೆ ಬೆಂಡೆ ಎಲೆಯ ಹಾಗೆ ಸೀಳಿ ಮುರುಟಿದ್ದವು. ಆ ಬೆಳೆ ಉಳಿಯಲಿಲ್ಲ. ತೊಳೆದ ಒಂದು ಎಕರೆ ತಿಂಗಳ ಕಾಲ ಕುಂಟುತ್ತ ಚೇತರಿಸಿಕೊಂಡಿತು. ಉಳಿದ ಹೊಲಕ್ಕೆ ಏನೂ ಆಗಲಿಲ್ಲ. ಹೋದ ಬೆಳೆಯನ್ನು ನಾನು ಭರಿಸಿಕೊಟ್ಟೆ. ಅಮರಪ್ಪ ಇಲಾಖೆಗೆ ಹೋಗಲಿಲ್ಲ. ಆದರೆ ಆ ವರ್ಷ ನನ್ನ ಅಂಗಡಿಗೂ ಬರಲಿಲ್ಲ, ಅದು ಅವನ ಹಕ್ಕು.

ಹೊಲದಿಂದ ಬಂದ ದಿನ ಸಂಜೆ ನಾನು ಹಳೆಯ ಬಿಲ್ ಪುಸ್ತಕಗಳನ್ನು ಕೆಳಗಿಳಿಸಿದೆ. ನನ್ನ ಕೈಬರಹದ ಬಿಲ್ಲುಗಳಲ್ಲಿ ಬೆಳೆಯ ಕಾಲಂ ನೋಡುತ್ತ ಹೋದೆ. ಹೆಚ್ಚಿನವು ಖಾಲಿ. ನನಗೆ ಗೊತ್ತು ಎಂಬ ಧೈರ್ಯದಲ್ಲಿ ಬಿಟ್ಟ ಖಾಲಿ ಜಾಗಗಳು. ಸುನಂದಾಳ ತಪ್ಪು ಸಿಕ್ಕಿದ್ದು ಅವಳು ಬರೆದಿಟ್ಟಿದ್ದರಿಂದ. ನನ್ನ ಕೈಯಿಂದ ಎಷ್ಟು ತಪ್ಪು ಡಬ್ಬಿ ಹೋಗಿವೆಯೋ ಹೇಳುವವರಿಲ್ಲ. ಬೆಳೆ ಹೋದಾಗ ರೈತರು ಮಳೆಯನ್ನೋ ದೈವವನ್ನೋ ಬೈದು ಸುಮ್ಮನಾಗಿರಬಹುದು. ಆ ಪುಸ್ತಕಗಳ ಮುಂದೆ ಕುಳಿತಾಗ ಆದ ಭಯ, ಹೊಲದಲ್ಲಿ ಅಮರಪ್ಪನ ಎದುರಿಗೂ ಆಗಿರಲಿಲ್ಲ.

ಮರುದಿನ ಸುನಂದಾ ಬಂದವಳೇ ಅಂಗಡಿಯ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟಳು.

"ನನಗ ಈ ಕೆಲಸ ಬರಂಗಿಲ್ರಿ ಸರ್. ಇನ್ನೊಬ್ರ ಹೊಲ ಹಾಳು ಮಾಡೂದಕ್ಕಿಂತ ಬಿಡೂದ ಚಲೋ."

ನಾನು ಕ್ಷಮೆ ಕೇಳಬೇಕಿತ್ತು. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ, ಆ ಮಾತು ಬಾಯಿಗೆ ಬರಲಿಲ್ಲ. "ಕೀಲಿ ತಗೋ. ಮೊದಲಿನಂಗ ಎಲ್ಲಾರ್ನೂ ಕೇಳು" ಎಂದಷ್ಟೇ ಹೇಳಿದೆ. ಅವಳು ನಂಬಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

ಹತ್ತು ಗಂಟೆಗೆ ವಳಕಮದಿನ್ನಿಯ ಹಿರಿಯರೊಬ್ಬರು ಬಂದರು. ಅಂಗಡಿ ಇಟ್ಟಂದಿನಿಂದ ನನ್ನ ಗಿರಾಕಿ. ಹದಿನಾರು ಎಕರೆ ಗದ್ದೆ, ಹಂಗಾಮಿನ ಗೊಬ್ಬರವೆಲ್ಲ ನಮ್ಮಲ್ಲೇ. ಕಸದ ಎಣ್ಣಿ ಎಂದರು. ಸುನಂದಾ ಕುತ್ತಿಗೆ ಬಗ್ಗಿಸಿಕೊಂಡೇ, ನಾಟಿ ಮಾಡಿ ಎಷ್ಟು ದಿನವಾಯಿತು, ಪಕ್ಕದ ಹೊಲದಲ್ಲಿ ಏನಿದೆ ಎಂದು ಕೇಳಿದಳು.

"ಏ ಸುನಂದಾ, ನಮ್ಮೂರ ಹುಡುಗಿ ನೀ. ನನಗ ಜವಾಬ್ ಕೇಳ್ತೀಯೇನು?" ಎಂದು ಅವರು ನನ್ನ ಕಡೆ ತಿರುಗಿದರು. ಅವಳೂ ನನ್ನ ಕಡೆ ತಿರುಗಿದಳು. ನಾನು ಎದ್ದು ಡಬ್ಬಿ ಕೊಟ್ಟುಬಿಡುತ್ತೇನೆ ಎಂದು ಇಬ್ಬರೂ ಕಾಯುತ್ತಿದ್ದರು.

"ಆಕಿ ಕೇಳಿದ್ದಕ್ಕ ಹೇಳ್ರಿ ಕಾಕಾರ. ಆಮ್ಯಾಲ ಎಣ್ಣಿ."

ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನೇರ ಎದುರಿನ ಅಂಗಡಿಗೆ ಹೋದರು. ನಾನು ಕೂಗಿ ಕರೆಯಲಿಲ್ಲ. ಸುನಂದಾ ಕೀಲಿಗೊಂಚಲನ್ನು ಮೇಜಿನಿಂದ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನವರನ್ನು ಕರೆದಳು.

ಅವಳು ಇಂದಿಗೂ ನಮ್ಮಲ್ಲೇ ಇದ್ದಾಳೆ. ಇಂದಿಗೂ ನಿಧಾನ, ಇಂದಿಗೂ ಗುಣಾಕಾರಕ್ಕೆ ಕಾಗದ ಬೇಕು, ಅದಕ್ಕಾಗಿ ನಾನು ಇಂದಿಗೂ ರೇಗುತ್ತೇನೆ. ಕೆಲಸಕ್ಕೆ ಬಂದ ಹೊಸಬರಿಗೆ ಏನು ಬರುವುದಿಲ್ಲ ಎಂಬ ಪಟ್ಟಿ ಮಾಲೀಕನ ಬಾಯಲ್ಲಿ ಸದಾ ಸಿದ್ಧವಿರುತ್ತದೆ. ಅವರಿಗೆ ಬರುತ್ತಿದ್ದ ಯಾವ ಕೆಲಸವನ್ನು ನಾವೇ ಬೈದು ಬಿಡಿಸಿದೆವು ಎಂಬುದನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ನನಗೆ ಅದನ್ನು ಕಲಿಸಲು ಒಬ್ಬ ಬಡಪಾಯಿಯ ಒಂದೂವರೆ ಎಕರೆ ಹತ್ತಿ ಬಲಿಯಾಗಬೇಕಾಯಿತು.